ಗೋಧಿ ಅಗ್ಗವಾದ ಕಾಲ: ಲ್ಯಾನ್ಸ್‌ಡೌನ್ ಮನೆತನ ಮತ್ತು ಬ್ರಿಟನ್ನಿನ ಭೂಒಡೆಯರು

ಮೈಸೂರಿನ ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರಗಳ ಆಸುಪಾಸಿನಲ್ಲಿ ಓಡಾಡಿದವರಿಗೆ ಲ್ಯಾನ್ಸ್‌ಡೌನ್ ಕಟ್ಟಡದ ಪರಿಚಯ ಇದ್ದೇ ಇರುತ್ತದೆ. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ ಕಟ್ಟಿಸಿದ ಸಾಲು ಮಳಿಗೆಗಳು ಅವು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತ ಮೇಲೆ, ಉಳಿದದ್ದನ್ನು ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆ ಚರ್ಚೆಯಲ್ಲಿ ಲ್ಯಾನ್ಸ್‌ಡೌನ್ ಎಂಬಾತ ಯಾರೆಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ನನಗೆ ಮಾತ್ರ ಆ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿತು. ಅದಕ್ಕೆ ಕಾರಣ ಆತ ಇಲ್ಲಿ ಮಾಡಿದ ಆಡಳಿತವಲ್ಲ. ಮೈಸೂರಿನ ಅರಮನೆಯಲ್ಲಿ ರಾಜಮರ್ಯಾದೆ ಪಡೆಯುತ್ತಿದ್ದ ಹೊತ್ತಿಗೆ ಆತನ ಸ್ವಂತ ಜಮೀನಿನ ಲೆಕ್ಕ ಸರಿಹೊಂದುತ್ತಿರಲಿಲ್ಲ ಎಂಬ ಸಂಗತಿ.

ಬ್ರಿಟನ್ನಿನ ಭೂಒಡೆಯರ ವರ್ಗ ಹೇಗೆ ಕುಸಿಯಿತು ಎಂಬುದಕ್ಕೆ ಒಂದು ಸಿದ್ಧ ಕಥೆಯಿದೆ. ದೊಡ್ಡ ಬಂಗಲೆ, ಸಾಲಾಗಿ ನಿಂತ ಆಳುಕಾಳುಗಳು, ಅಷ್ಟರಲ್ಲಿ 1914ರ ಯುದ್ಧ, ಮಡಿದ ಮಗ, ಆಮೇಲೆ ಲೇಬರ್ ಸರ್ಕಾರ, ಅದರ ಕಠೋರ ತೆರಿಗೆ, ಕೊನೆಗೆ ಹರಾಜು. ಟೆಲಿವಿಷನ್ ಧಾರಾವಾಹಿಗಳು ಈ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿವೆಯೆಂದರೆ ಇತಿಹಾಸ ಓದಿದವರೂ ಅದನ್ನೇ ನಂಬುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅನುಕ್ರಮ ತಪ್ಪಿದೆ ಎಂದು ನನ್ನ ಅಭಿಪ್ರಾಯ. ಯುದ್ಧ ಮತ್ತು ತೆರಿಗೆ ಬಂದದ್ದು ಕೊನೆಗೆ. ಅದಕ್ಕೂ ಮೂವತ್ತು ವರ್ಷ ಮೊದಲೇ ಗೋಧಿಯ ಬೆಲೆ ನೆಲಕಚ್ಚಿತ್ತು. ಅದಕ್ಕೂ ಮೊದಲೇ ಸಾಲ ಬೆಳೆದಿತ್ತು. ಅಷ್ಟೇ ಅಲ್ಲ, ಹಣ ಹೋದ ದಾರಿಯೂ ಅಧಿಕಾರ ಹೋದ ದಾರಿಯೂ ಒಂದೇ ಆಗಿರಲಿಲ್ಲ. ಅಧಿಕಾರವನ್ನು ಪೂರ್ತಿ ಕಳೆದುಕೊಂಡ ಎಷ್ಟೋ ಮನೆತನಗಳು ಹಣವನ್ನು ಉಳಿಸಿಕೊಂಡವು. ಈ ಎರಡೂ ಎಳೆಗಳು ಲ್ಯಾನ್ಸ್‌ಡೌನ್ ಮನೆತನದ ಚರಿತ್ರೆಯಲ್ಲಿ ಬೇರೆಲ್ಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ.

ಮುಂದೆ ವೈಸ್‌ರಾಯ್ ಆದ ಹೆನ್ರಿ ಪೆಟ್ಟಿ-ಫಿಟ್ಸ್‌ಮಾರಿಸ್ 1866ರಲ್ಲಿ, ಇಪ್ಪತ್ತೊಂದರ ವಯಸ್ಸಿಗೆ, ಮಾರ್ಕ್ವಿಸ್ ಎಂಬ ವಂಶಪಾರಂಪರ್ಯದ ಪದವಿ ಪಡೆದು ಐದನೆಯ ಮಾರ್ಕ್ವಿಸ್ ಆಫ್ ಲ್ಯಾನ್ಸ್‌ಡೌನ್ ಆದ. ಅವನ ಪಾಲಿಗೆ ಬಂದ ಜಮೀನು ಲಕ್ಷ ಎಕರೆಗೂ ಮಿಕ್ಕಿದ್ದು. ಅದರಲ್ಲಿ ಬಹುಪಾಲು ಇದ್ದದ್ದು ಇಂಗ್ಲೆಂಡಿನಲ್ಲಲ್ಲ, ಐರ್ಲೆಂಡಿನ ಕೆರಿ ಸೀಮೆಯಲ್ಲಿ. ಅದರ ಮೂಲ ಪುರುಷ ಸರ್ ವಿಲಿಯಂ ಪೆಟ್ಟಿ. ಕ್ರಾಮ್‌ವೆಲ್ ಐರ್ಲೆಂಡನ್ನು ಗೆದ್ದ ಮೇಲೆ, ಸೋತವರ ಭೂಮಿಯನ್ನು ಗೆದ್ದವರಿಗೆ ಹಂಚಲು 1650ರ ದಶಕದಲ್ಲಿ ನಡೆದ ಮೋಜಣಿಯ ಮುಖ್ಯಸ್ಥ ಈತನೇ. ಅಳೆಯಲು ಬಂದವನು ಅಳೆದ ನೆಲದಲ್ಲೇ ಸಾವಿರಾರು ಎಕರೆಯ ಒಡೆಯನಾದ. ಅವನ ವಂಶದವನೊಬ್ಬ 1782ರಲ್ಲಿ ಪ್ರಧಾನಿಯಾದ, ಮೊದಲ ಮಾರ್ಕ್ವಿಸ್ ಆದ, ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿದ್ದ ಬಾವುಡ್ ಎಂಬ ಬಂಗಲೆಯನ್ನು ಹೊಸ ರೂಪಕ್ಕೆ ತಂದ, ಲಂಡನ್ನಿನ ಬರ್ಕ್ಲಿ ಚೌಕದಲ್ಲಿ ಲ್ಯಾನ್ಸ್‌ಡೌನ್ ಹೌಸ್ ಎಂಬ ಮಹಲನ್ನು ಕೊಂಡ. ಜೋಸೆಫ್ ಪ್ರೀಸ್ಟ್ಲಿ 1774ರಲ್ಲಿ ಆಮ್ಲಜನಕವನ್ನು ಬೇರ್ಪಡಿಸಿದ್ದು ಬಾವುಡ್‌ನ ಒಂದು ಕೋಣೆಯಲ್ಲಿಯೇ. ಕೆರಿಯ ಬಡ ಒಕ್ಕಲುಗಳ ಗೇಣಿ ಹಣ ವಿಲ್ಟ್‌ಶೈರ್‌ನಲ್ಲಿ ವಿಜ್ಞಾನವಾಗಿ, ಲಂಡನ್ನಿನಲ್ಲಿ ಅಮೃತಶಿಲೆಯ ಪ್ರತಿಮೆಗಳಾಗಿ ರೂಪ ತಾಳಿದ ಪರಿ ಇದು.

ಈ ವರ್ಗದ ಒಟ್ಟು ಗಾತ್ರ ಎಷ್ಟೆಂದು ತಿಳಿದದ್ದು ಸ್ವತಃ ಪ್ರಭುಗಳೇ ಕೇಳಿ ಮಾಡಿಸಿದ ಒಂದು ಗಣತಿಯಿಂದ. ಬೆರಳೆಣಿಕೆಯ ಜನ ಇಡೀ ದೇಶವನ್ನು ಹಿಡಿದುಕೊಂಡಿದ್ದಾರೆ ಎಂಬ ಆಪಾದನೆ ಹೆಚ್ಚಿದಾಗ, ಅದನ್ನು ಅಂಕಿ ಅಂಶಗಳಿಂದಲೇ ಸುಳ್ಳು ಮಾಡಬಹುದೆಂದು ನಂಬಿದ ಲಾರ್ಡ್ ಡರ್ಬಿ 1872ರಲ್ಲಿ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಭೂಮಾಲೀಕರ ಪಟ್ಟಿಯನ್ನು ಕೇಳಿದ. ಪಟ್ಟಿ ತಯಾರಾಗಿ ಹೊರಬಂದು, ಅದರ ಲೆಕ್ಕ ಹಾಕಿ ಮುಗಿದ ಹೊತ್ತಿಗೆ ಆಪಾದನೆಯೇ ಹೆಚ್ಚುಕಡಿಮೆ ನಿಜವೆಂದು ಸಾಬೀತಾಯಿತು. ಬ್ರಿಟನ್ ಮತ್ತು ಐರ್ಲೆಂಡುಗಳ ಭೂಮಿಯ ಐದರಲ್ಲಿ ನಾಲ್ಕು ಪಾಲು ಏಳು ಸಾವಿರಕ್ಕಿಂತಲೂ ಕಡಿಮೆ ಜನರ ಕೈಯಲ್ಲಿತ್ತು. ಸದರ್ಲೆಂಡಿನ ಡ್ಯೂಕ್ ಒಬ್ಬನದೇ 13 ಲಕ್ಷ ಎಕರೆಗೂ ಹೆಚ್ಚು. ಅದೇ ಪಟ್ಟಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಬಳಿ ಇದ್ದದ್ದು ಸುಮಾರು 20 ಸಾವಿರ ಎಕರೆ ಮಾತ್ರ, ಆದರೆ ಲಂಡನ್ ನಗರದ ಭೂಮಿಯನ್ನು ಆ ಪಟ್ಟಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಯಾರು ಮುಳುಗಿದರು, ಯಾರು ತೇಲಿದರು ಎಂಬುದನ್ನು ಮುಂದೆ ನಿರ್ಧರಿಸಿದ್ದು ಇದೇ.

ಇಷ್ಟು ಭೂಮಿ ಇನ್ನೂರು ವರ್ಷ ಪಾಲಾಗದೆ ಉಳಿದದ್ದು ತಾನಾಗಿ ಅಲ್ಲ. ಹಿರಿಯ ಮಗನಿಗೇ ಸಮಸ್ತ ಆಸ್ತಿ ಎಂಬ ಪದ್ಧತಿಯ ಮೇಲೆ ವಕೀಲರು ಇನ್ನೊಂದು ಬಿಗಿ ಕಟ್ಟು ಕಟ್ಟಿದ್ದರು. ಹಿರಿಯ ಮಗನಿಗೆ ಇಪ್ಪತ್ತೊಂದು ತುಂಬಿದಾಗ ಅಥವಾ ಮದುವೆಯ ಹೊತ್ತಿಗೆ ತಂದೆ ಮಗ ಸೇರಿ ಒಂದು ಪತ್ರಕ್ಕೆ ಸಹಿ ಹಾಕುತ್ತಿದ್ದರು. ಅದರ ಪ್ರಕಾರ ಆಸ್ತಿ ಇನ್ನೂ ಹುಟ್ಟದ ಮೊಮ್ಮಗನಿಗೆ ಸೇರಿದ್ದು. ಬದುಕಿರುವಷ್ಟು ಕಾಲ ಆದಾಯವನ್ನು ಅನುಭವಿಸುವುದಷ್ಟೇ ಮಗನ ಹಕ್ಕು, ಮಾರುವ ಹಕ್ಕಿಲ್ಲ. ಆ ಮೊಮ್ಮಗ ಹುಟ್ಟಿ ಬೆಳೆದಾಗ ಮತ್ತೆ ಅದೇ ಪತ್ರ, ಮತ್ತೊಂದು ಸಹಿ. ಹೀಗಾಗಿ ಜೂಜುಕೋರ ಮಗನೂ ಆಸ್ತಿಯನ್ನು ಕರಗಿಸಲಾರದವನಾಗಿದ್ದ. ಆದರೆ ಅದೇ ಪತ್ರ ವಿಧವೆಯರಿಗೆ ಜೀವನಾಂಶ, ಕಿರಿಯ ಗಂಡುಮಕ್ಕಳಿಗೆ ಪಾಲಿನ ಹಣ, ಹೆಣ್ಣುಮಕ್ಕಳಿಗೆ ವರದಕ್ಷಿಣೆ ಎಲ್ಲವನ್ನೂ ಜಮೀನಿನ ಮೇಲೆಯೇ ಹೊರಿಸುತ್ತಿತ್ತು. ಮಾರಲು ಬಾರದ್ದರಿಂದ ಅಡವಿಟ್ಟೇ ಆ ಹಣ ಹೊಂದಿಸಬೇಕು. ತಲೆಮಾರು ಕಳೆದಂತೆ ಅಡಮಾನದ ಮೇಲೆ ಅಡಮಾನ ಕೂಡಿತು. 1848ರಲ್ಲಿ ಬಕಿಂಗ್‌ಹ್ಯಾಮ್‌ನ ಎರಡನೆಯ ಡ್ಯೂಕ್ ಹತ್ತು ಲಕ್ಷ ಪೌಂಡಿಗೂ ಮಿಕ್ಕ ಸಾಲದಲ್ಲಿ ಮುಳುಗಿ, ಅವನ ಸ್ಟೋ ಬಂಗಲೆಯ ಸಾಮಾನು ಸರಂಜಾಮು ನಲವತ್ತು ದಿನ ಹರಾಜಾದಾಗ ಎಲ್ಲರೂ ಅದನ್ನು ಒಬ್ಬ ದುಂದುಗಾರನ ದುರಂತವೆಂದು ತಿಳಿದರು. ಉಳಿದವರ ಸಾಲ ಕಣ್ಣಿಗೆ ಬೀಳದೆ ಇದ್ದದ್ದಕ್ಕೆ ಕಾರಣ ಒಂದೇ: ಗೇಣಿ ಸಕಾಲಕ್ಕೆ ಬರುತ್ತಿತ್ತು, ಬಡ್ಡಿ ಕಟ್ಟಲಾಗುತ್ತಿತ್ತು.

ಗೇಣಿ ನಿಂತಿದ್ದದ್ದು ಗೋಧಿಯ ಮೇಲೆ. ವಿದೇಶಿ ಧಾನ್ಯದ ಮೇಲಿನ ಸುಂಕವನ್ನು 1846ರಲ್ಲಿ ತೆಗೆದುಹಾಕಿದಾಗ ಪ್ರಭುಗಳು ಪ್ರಳಯವೇ ಆದೀತೆಂದು ಕೂಗಿದ್ದರು. ಏನೂ ಆಗಲಿಲ್ಲ. ಹಡಗಿನ ಬಾಡಿಗೆ ದುಬಾರಿಯಾಗಿದ್ದರಿಂದ ಸುಂಕವಿಲ್ಲದೆಯೂ ವಿದೇಶಿ ಗೋಧಿ ಅಗ್ಗವಾಗಲಿಲ್ಲ. ಮುಂದಿನ ಇಪ್ಪತ್ತೈದು ವರ್ಷ ಇಂಗ್ಲಿಷ್ ಬೇಸಾಯದ ಸುವರ್ಣ ಯುಗವೆಂದೇ ಹೆಸರಾಯಿತು. ಆ ಭರವಸೆಯಲ್ಲಿ ಒಡೆಯರು ಇನ್ನಷ್ಟು ಸಾಲ ತಂದು ಬಂಗಲೆಗೆ ರೆಕ್ಕೆ ಕಟ್ಟಿಸಿದರು, ಹೊಲಗಳಿಗೆ ಬಸಿಗಾಲುವೆ ಹಾಕಿಸಿದರು. ಅಮೆರಿಕದ ಬಯಲುಗಳಿಗೆ ರೈಲು ತಲುಪಿ, ಉಕ್ಕಿನ ಉಗಿಹಡಗುಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಲೆಕ್ಕವೆಲ್ಲ ತಲೆಕೆಳಗಾಯಿತು. 1870ರ ದಶಕದ ಮೊದಲಲ್ಲಿ ಒಂದು ಕ್ವಾರ್ಟರ್ ಗೋಧಿಗೆ, ಅಂದರೆ ಸುಮಾರು 220 ಕಿಲೋಗೆ, 55 ಶಿಲ್ಲಿಂಗಿನ ಆಸುಪಾಸಿನಲ್ಲಿದ್ದ ಬೆಲೆ 1894ರಲ್ಲಿ 22 ಶಿಲ್ಲಿಂಗ್ 10 ಪೆನ್ಸಿಗೆ ಇಳಿಯಿತು. 1879ರಲ್ಲಿ ಬೇಸಿಗೆಯಿಡೀ ಮಳೆ ಸುರಿದು ಬೆಳೆ ಹಾಳಾದರೂ ಬೆಲೆ ಏರಲಿಲ್ಲ. ಇಂಗ್ಲೆಂಡಿನ ರೈತ ಜೀವಮಾನದಲ್ಲಿ ಕಂಡರಿಯದ ಸಂಗತಿ ಅದು. 1882ರಲ್ಲಿ ಡನಿಡಿನ್ ಎಂಬ ಹಡಗು ನ್ಯೂಜಿಲೆಂಡಿನಿಂದ ಹಿಮಗಟ್ಟಿಸಿದ ಕುರಿಮಾಂಸವನ್ನು ಕೆಡದಂತೆ ಲಂಡನ್ನಿಗೆ ಮುಟ್ಟಿಸಿತು. ಗೋಧಿ ಬಿಟ್ಟು ಕುರಿ ಸಾಕುತ್ತೇವೆ ಎನ್ನುವವರಿಗೂ ಅಲ್ಲಿಂದ ಮುಂದೆ ನೆಮ್ಮದಿ ಇರಲಿಲ್ಲ.

ಈ ಕುಸಿತದಲ್ಲಿ ಭಾರತದ ಪಾತ್ರವೂ ಇದೆ, ಅದನ್ನು ಹೇಳುವವರು ಕಡಿಮೆ. ಸುಯೆಜ್ ಕಾಲುವೆ ತೆರೆದು, ಪಂಜಾಬಿನಿಂದ ಕರಾಚಿಗೆ ರೈಲು ಬಂದ ಮೇಲೆ ಭಾರತದ ಗೋಧಿಯೂ ಲಿವರ್‌ಪೂಲಿನ ಕಟ್ಟೆಗೆ ಬಂದು ಬಿತ್ತು. ಸಾಮ್ರಾಜ್ಯವನ್ನು ಆಳುತ್ತಿದ್ದ ವರ್ಗವೇ ಹಾಕಿಸಿದ ಹಳಿಗಳ ಮೇಲೆ ಹೊರಟ ಧಾನ್ಯ, ಆ ವರ್ಗದ ಗೇಣಿಯನ್ನು ತಗ್ಗಿಸಿತು. ಎಸೆಕ್ಸ್, ಸಫೊಕ್, ನಾರ್ಫೊಕ್‌ನಂಥ ಗೋಧಿಯ ಸೀಮೆಗಳಲ್ಲಿ ಗೇಣಿದಾರರು ಜಮೀನು ಬಿಟ್ಟು ಹೋದರು. ಎಸೆಕ್ಸ್‌ನ ಖಾಲಿ ಹೊಲಗಳನ್ನು ಹಿಡಿದು ಹಾಲಿನ ವ್ಯಾಪಾರ ಮಾಡಲು ಸ್ಕಾಟ್ಲೆಂಡಿನಿಂದ ಒಕ್ಕಲುಗಳು ಬಂದರು. ಹಾಲು, ಹುಲ್ಲುಗಾವಲುಗಳನ್ನು ನೆಚ್ಚಿದ್ದ ಪಶ್ಚಿಮದ ಸೀಮೆಗಳು ಹೇಗೋ ಉಳಿದುಕೊಂಡವು. ಗೇಣಿ ಇಳಿದರೂ ಅಡಮಾನದ ಬಡ್ಡಿ, ಅಜ್ಜಿಯ ಜೀವನಾಂಶ, ಚಿಕ್ಕಪ್ಪನ ಪಾಲಿನ ಹಣ ಒಂದು ಪೆನ್ಸೂ ಇಳಿಯಲಿಲ್ಲ. ನೂರು ಬರುತ್ತಿದ್ದ ಕಡೆ ಎಪ್ಪತ್ತೈದು ಬಂದರೆ, ಮತ್ತು ಆ ನೂರರಲ್ಲಿ ಐವತ್ತು ಮೊದಲೇ ಬೇರೆಯವರಿಗೆ ಬರೆದುಕೊಟ್ಟಿದ್ದರೆ, ಒಡೆಯನ ಸ್ವಂತ ಆದಾಯ ಕಾಲು ಭಾಗವಲ್ಲ, ಅರ್ಧದಷ್ಟು ಹೋದಂತೆ.

ಲ್ಯಾನ್ಸ್‌ಡೌನ್‌ನ ಕಷ್ಟ ಇದಕ್ಕಿಂತ ಕಟುವಾದದ್ದು, ಏಕೆಂದರೆ ಅವನ ಒಕ್ಕಲುಗಳು ಐರಿಷ್ ಜನ. ಬರಗಾಲದ ನಂತರ 1851ರಲ್ಲಿ ಅವನ ಅಜ್ಜನ ಕಾಲದ ಪಾರುಪತ್ಯಗಾರ ಟ್ರೆಂಚ್ ಎಂಬಾತ ಕೆರಿಯ ಸಾವಿರಾರು ನಿರ್ಗತಿಕರಿಗೆ ಹಡಗಿನ ಟಿಕೆಟ್ ಕೊಟ್ಟು ಅಮೆರಿಕಕ್ಕೆ ಸಾಗಹಾಕಿದ್ದ. ಅವರನ್ನು ಇಲ್ಲಿಟ್ಟು ಸಾಕುವುದಕ್ಕಿಂತ ಅದೇ ಅಗ್ಗವೆಂಬುದು ಅವನ ಲೆಕ್ಕ. ಅಂಥ ನೆನಪುಗಳಿದ್ದ ಊರುಗಳಲ್ಲಿ 1879ರ ನಂತರ ಗೇಣಿ ನಿರಾಕರಣೆಯ ಚಳವಳಿ ಹಬ್ಬಿತು. ಒಕ್ಕಲೆಬ್ಬಿಸಿದರೆ ಗೇಣಿದಾರನಿಗೆ ಪರಿಹಾರ ಕೊಡಬೇಕೆಂಬ ಮಸೂದೆಯನ್ನು 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ತಂದಾಗ, ಆ ಸರ್ಕಾರದಲ್ಲೇ ಇದ್ದ ಲ್ಯಾನ್ಸ್‌ಡೌನ್ ರಾಜೀನಾಮೆ ಕೊಟ್ಟು ಹೊರನಡೆದ. ಆಮೇಲೆ 1883ರಲ್ಲಿ ಕೆನಡಾದ ಗವರ್ನರ್ ಜನರಲ್, 1888ರಲ್ಲಿ ಭಾರತದ ವೈಸ್‌ರಾಯ್. ಇವು ಗೌರವದ ಹುದ್ದೆಗಳು ಹೌದು, ಆದರೆ ಸಂಬಳದ ಹುದ್ದೆಗಳೂ ಹೌದು. ಲಂಡನ್ನಿನ ಮಹಲನ್ನು ಬಾಡಿಗೆಗೆ ಕೊಟ್ಟು, ಖರ್ಚು ಇಳಿಸಿ, ಹೊರದೇಶದಲ್ಲಿ ಸರ್ಕಾರಿ ಬಂಗಲೆಯಲ್ಲಿ ಹತ್ತು ವರ್ಷ ಕಳೆದದ್ದು ಸಾಲದ ಮನೆತನಕ್ಕೆ ಒಳ್ಳೆಯ ಉಪಾಯವೇ ಆಗಿತ್ತು. ವೈಸ್‌ರಾಯ್ ಸಂಬಳ ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ. ಅದು ಭಾರತದ ಖಜಾನೆಯಿಂದ, ಅಂದರೆ ಬಹುಮಟ್ಟಿಗೆ ನಮ್ಮ ರೈತರು ಕಟ್ಟಿದ ಕಂದಾಯದಿಂದ ಬರುತ್ತಿತ್ತು. ಕೆರಿಯ ಒಕ್ಕಲು ಕೊಡಲು ಒಲ್ಲದ್ದನ್ನು ಇಲ್ಲಿಯ ಒಕ್ಕಲು ತುಂಬಿಕೊಟ್ಟ ಎಂದರೆ ಸ್ವಲ್ಪ ಅತಿಯಾದೀತು, ಪೂರ್ತಿ ತಪ್ಪಾಗದು.

ಕೆನಡಾದಲ್ಲಿದ್ದಾಗಲೂ ಜಮೀನಿನ ತಂಟೆ ಬೆನ್ನು ಬಿಡಲಿಲ್ಲ. 1887ರಲ್ಲಿ ಐರ್ಲೆಂಡಿನ ಲಗ್ಗಕರನ್ ಎಂಬಲ್ಲಿದ್ದ ಅವನ ಗೇಣಿದಾರರು ಗೇಣಿ ಇಳಿಸುವಂತೆ ಪಟ್ಟು ಹಿಡಿದರು. ಅವನು ಒಪ್ಪದೆ ಅವರನ್ನು ಒಕ್ಕಲೆಬ್ಬಿಸಿದ. ಚಳವಳಿಯ ನಾಯಕ ವಿಲಿಯಂ ಓಬ್ರಿಯನ್ ಹಡಗು ಹತ್ತಿ ಕೆನಡಾಕ್ಕೇ ಹೋಗಿ, ನಿಮ್ಮ ಗವರ್ನರ್ ಜನರಲ್ ಎಂಥವನು ನೋಡಿ ಎಂದು ಊರೂರಲ್ಲಿ ಸಭೆ ಮಾಡಿದ, ಟೊರಾಂಟೊದಲ್ಲಿ ಗುಂಪಿನಿಂದ ಏಟನ್ನೂ ತಿಂದ. ಒಕ್ಕಲೊಬ್ಬನ ದೂರು ಸಾಗರ ದಾಟಿ ಒಡೆಯನ ಬಾಗಿಲಿಗೆ ಹೋಗುವ ಕಾಲ ಬಂದಿತ್ತು.

ಇತ್ತ ಇಂಗ್ಲೆಂಡಿನಲ್ಲಿ 1882ರಲ್ಲಿ ಒಂದು ಕಾಯ್ದೆ ಬಂತು. ವಕೀಲರ ಹಳೆಯ ಬಿಗಿ ಕಟ್ಟನ್ನು ಸಡಿಲಿಸಿ, ಜೀವಿತಾವಧಿಯ ಅನುಭೋಗದಾರನಿಗೂ ಜಮೀನು ಮಾರಲು, ನ್ಯಾಯಾಲಯದ ಒಪ್ಪಿಗೆ ಪಡೆದು ಮನೆತನದ ಚಿತ್ರ, ಪುಸ್ತಕ, ಬೆಳ್ಳಿಯನ್ನೂ ಮಾರಲು ಅದು ಅವಕಾಶ ಕೊಟ್ಟಿತು. ಬಂದ ಹಣ ಮಾತ್ರ ಟ್ರಸ್ಟಿಗಳ ಕೈಯಲ್ಲಿ ಇರಬೇಕು. ಜಮೀನು ಕೊಳ್ಳುವವರೇ ಇಲ್ಲದ ಕಾಲದಲ್ಲಿ ಈ ಅವಕಾಶ ಬಂದದ್ದು ವಿಪರ್ಯಾಸ. ಹಾಗಾಗಿ ಮೊದಲು ಹೋದದ್ದು ನೆಲವಲ್ಲ, ಗೋಡೆಯ ಮೇಲಿದ್ದದ್ದು. 1882ರ ಬೇಸಿಗೆಯಲ್ಲಿ ಹ್ಯಾಮಿಲ್ಟನ್ ಡ್ಯೂಕಿನ ಅರಮನೆಯ ವಸ್ತುಗಳು ಹರಾಜಾಗಿ ನಾಲ್ಕು ಲಕ್ಷ ಪೌಂಡಿಗೆ ಸಮೀಪದ ಹಣ ಬಂತು. ಆ ಅರಮನೆಯ ಮುಂದಿನ ಗತಿಯನ್ನೂ ಇಲ್ಲೇ ಹೇಳಿಬಿಡಬೇಕು: ಡ್ಯೂಕಿಗೆ ಹಣ ತಂದಿದ್ದ ಕಲ್ಲಿದ್ದಲಿನ ಗಣಿಗಳೇ ಅರಮನೆಯ ಅಡಿಗೂ ಬಂದು, ನೆಲ ಕುಸಿಯುವ ಭಯದಲ್ಲಿ 1920ರ ದಶಕದಲ್ಲಿ ಇಡೀ ಕಟ್ಟಡವನ್ನು ಕೆಡವಬೇಕಾಯಿತು. 1885ರಲ್ಲಿ ಮಾರ್ಲ್‌ಬರೋ ಡ್ಯೂಕ್ ರಾಫೆಲನ ಒಂದು ಮಡೋನಾ ಚಿತ್ರವನ್ನು ನ್ಯಾಷನಲ್ ಗ್ಯಾಲರಿಗೆ 70 ಸಾವಿರ ಪೌಂಡಿಗೆ ಮಾರಿದ. ಹತ್ತು ವರ್ಷದ ಮೇಲೆ ಅವನ ಮಗ ಇನ್ನೂ ದೊಡ್ಡ ದಾರಿ ಹಿಡಿದು, ನ್ಯೂಯಾರ್ಕಿನ ರೈಲ್ವೆ ಸಿರಿವಂತರ ಮಗಳು, ಹದಿನೆಂಟರ ಹುಡುಗಿ ಕನ್ಸ್ಯುಯೆಲೊ ವ್ಯಾಂಡರ್‌ಬಿಲ್ಟಳನ್ನು ಮದುವೆಯಾಗಿ, 25 ಲಕ್ಷ ಡಾಲರ್ ಬೆಲೆಯ ರೈಲ್ವೆ ಷೇರು ಪಡೆದ. ಅವಳಿಗೆ ಆ ಮದುವೆ ಬೇಕಿರಲಿಲ್ಲ, ತಾಯಿಯ ಬಲವಂತ. ಪ್ರಭುಗಳ ಗೋಧಿಯನ್ನು ಅಗ್ಗ ಮಾಡಿದ್ದು ಅಮೆರಿಕದ ರೈಲು. ಅವರ ಬಂಗಲೆಯ ಸೋರುವ ಸೂರನ್ನು ರಿಪೇರಿ ಮಾಡಿಸಿದ್ದೂ ಅಮೆರಿಕದ ರೈಲೇ.

ಇನ್ನು ಅಧಿಕಾರದ ಮಾತು. ಅದು ಒಮ್ಮೆಗೇ ಹೋಗಲಿಲ್ಲ. 1870ರಲ್ಲಿ ಸರ್ಕಾರಿ ನೌಕರಿಗೆ ಸ್ಪರ್ಧಾತ್ಮಕ ಪರೀಕ್ಷೆ ಬಂತು, 1871ರಲ್ಲಿ ಸೈನ್ಯದ ಅಧಿಕಾರಿ ಹುದ್ದೆಗಳನ್ನು ಹಣಕೊಟ್ಟು ಕೊಳ್ಳುವ ಪದ್ಧತಿ ರದ್ದಾಯಿತು, 1872ರಲ್ಲಿ ಗುಪ್ತ ಮತದಾನ ಬಂತು. ಒಡೆಯನ ಮ್ಯಾನೇಜರನ ಕಣ್ಣೆದುರೇ ಮತ ಹೇಳಬೇಕಾಗಿದ್ದ ಗೇಣಿದಾರನಿಗೆ ಅದರಿಂದ ಆದ ಬಿಡುಗಡೆ ಎಷ್ಟೆಂಬುದನ್ನು ಹಳ್ಳಿಯ ಚುನಾವಣೆ ಕಂಡವರಿಗೆ ವಿವರಿಸಬೇಕಾಗಿಲ್ಲ. 1884ರಲ್ಲಿ ಹಳ್ಳಿಯ ಕೂಲಿಕಾರರಲ್ಲೂ ಬಹಳಷ್ಟು ಗಂಡಸರಿಗೆ ಮತ ಸಿಕ್ಕಿತು, 1888ರಲ್ಲಿ ಸೀಮೆಯ ಆಡಳಿತ ಚುನಾಯಿತ ಕೌನ್ಸಿಲ್‌ಗಳಿಗೆ ಹೋಯಿತು. ಆದರೂ ಹೌಸ್ ಆಫ್ ಲಾರ್ಡ್ಸ್ ಎಂಬ ಕೋಟೆ ಉಳಿದಿತ್ತು, ಮತ್ತು ಅದರಲ್ಲಿ, ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬಾರದೆನ್ನುವ ಯೂನಿಯನಿಸ್ಟ್ ಪಕ್ಷದ ದಳಪತಿ ಭಾರತದಿಂದ ಮರಳಿದ ಲ್ಯಾನ್ಸ್‌ಡೌನ್.

1894ರಲ್ಲಿ ಹಾರ್ಕೋರ್ಟ್ ಎಂಬ ಮಂತ್ರಿ ಮರಣ ತೆರಿಗೆಯನ್ನು, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆಯನ್ನು, ಹೊಸ ಬುನಾದಿಯ ಮೇಲೆ ತಂದಾಗ ಅದರ ಗರಿಷ್ಠ ದರ ಇದ್ದದ್ದು ನೂರಕ್ಕೆ ಎಂಟು, ಅದೂ ಹತ್ತು ಲಕ್ಷ ಪೌಂಡು ಮೀರಿದ ಆಸ್ತಿಗೆ. ಗೆದ್ದಲು ಹಿಡಿದ ತೊಲೆಯ ಮೇಲೆ ಕೂತ ಸಣ್ಣ ಭಾರ ಅದು, ತೊಲೆಯನ್ನು ಮುರಿದದ್ದು ಅದಲ್ಲ. 1909ರಲ್ಲಿ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತನ್ನ ಬಜೆಟ್ಟಿನಲ್ಲಿ ಭೂಮಿಯ ಮೌಲ್ಯದ ಮೇಲೆಯೇ ತೆರಿಗೆ ಹಾಕಲು ಹೊರಟ. ಒಬ್ಬ ಡ್ಯೂಕನ್ನು ಸಾಕುವ ಖರ್ಚಿನಲ್ಲಿ ಎರಡು ಯುದ್ಧನೌಕೆ ಸಾಕಬಹುದೆಂದು ಊರೂರಲ್ಲಿ ಲೇವಡಿ ಮಾಡಿದ. ಹಣಕಾಸಿನ ಮಸೂದೆಯನ್ನು ಲಾರ್ಡ್ಸ್ ತಿರಸ್ಕರಿಸುವ ವಾಡಿಕೆ ಇರಲಿಲ್ಲ. ಆದರೆ ದೇಶದ ಜನರ ತೀರ್ಪು ಕೇಳದೆ ಒಪ್ಪಲಾಗದು ಎಂಬ ಗೊತ್ತುವಳಿಯನ್ನು ಲ್ಯಾನ್ಸ್‌ಡೌನ್ ಮಂಡಿಸಿದ, 350ಕ್ಕೆ 75 ಮತಗಳಿಂದ ಬಜೆಟ್ ಬಿದ್ದುಹೋಯಿತು. ನನ್ನ ದೃಷ್ಟಿಯಲ್ಲಿ ಆ ವರ್ಗ ಮಾಡಿಕೊಂಡ ಅತಿ ದುಬಾರಿ ತಪ್ಪು ಅದು. ಆ ಭೂಮೌಲ್ಯ ತೆರಿಗೆಯಿಂದ ಹಣ ಬಂದದ್ದು ಅತ್ಯಲ್ಪ, 1920ರಲ್ಲಿ ಅದನ್ನು ರದ್ದು ಮಾಡಿದ್ದೂ ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗಲೇ. ಅಷ್ಟು ಸಣ್ಣ ತೆರಿಗೆಗಾಗಿ ಅವರು ತಮ್ಮ ಕೊನೆಯ ಅಸ್ತ್ರವನ್ನು ಪಣಕ್ಕೊಡ್ಡಿದರು. 1910ರಲ್ಲಿ ಎರಡು ಚುನಾವಣೆ ನಡೆದವು. ಲಾರ್ಡ್ಸ್ ಸಭೆ ಮಣಿಯದಿದ್ದರೆ ನೂರಾರು ಹೊಸ ಪ್ರಭುಗಳನ್ನು ಸೃಷ್ಟಿಸಲು ದೊರೆಯೂ ಸಮ್ಮತಿಸಿದ. 1911ರ ಆಗಸ್ಟ್ 10ರಂದು ಲಾರ್ಡ್ಸ್ ತನ್ನ ತಡೆಹಕ್ಕನ್ನು ತಾನೇ ಕೈಬಿಡುವ ಮಸೂದೆಯನ್ನು 131ಕ್ಕೆ 114 ಮತಗಳಿಂದ ಒಪ್ಪಿತು. ಎರಡು ವರ್ಷ ಮೊದಲು ಯುದ್ಧಕ್ಕೆ ಕರೆಕೊಟ್ಟಿದ್ದ ಲ್ಯಾನ್ಸ್‌ಡೌನ್ ಈ ಬಾರಿ ಮತ ಹಾಕದೆ ದೂರ ಉಳಿಯಿರಿ ಎಂದು ತನ್ನವರಿಗೆ ಹೇಳಬೇಕಾಯಿತು.

ಅದೇ ವರ್ಷ ಅವನು ಬಾವುಡ್‌ನಲ್ಲಿದ್ದ ರೆಂಬ್ರಾಂಟನ ‘ಗಾಳಿಗಿರಣಿ’ ಚಿತ್ರವನ್ನು ಒಂದು ಲಕ್ಷ ಪೌಂಡಿಗೆ ಅಮೆರಿಕದ ವೈಡನರ್ ಎಂಬ ಧನಿಕನಿಗೆ ಮಾರಿದ. ಚಿತ್ರ ಈಗ ವಾಷಿಂಗ್ಟನ್ನಿನಲ್ಲಿದೆ.

ಐರ್ಲೆಂಡಿನ ಜಮೀನು ಮಾತ್ರ ಕಸಿದುಕೊಂಡಂತಾಗದೆ, ಕೊಂಡುಕೊಂಡಂತೆ ಹೋಯಿತು. 1903ರ ಕಾಯ್ದೆಯಂತೆ ಸರ್ಕಾರವೇ ಗೇಣಿದಾರನಿಗೆ ಪೂರ್ತಿ ಹಣವನ್ನು ಸಾಲವಾಗಿ ಕೊಟ್ಟಿತು. ಅವನು ಅದನ್ನು 68 ವರ್ಷಕ್ಕೂ ಹೆಚ್ಚು ಕಾಲ ಕಂತಿನಲ್ಲಿ ತೀರಿಸಬೇಕು. ಒಡೆಯನಿಗೆ ಬೆಲೆಯ ಮೇಲೆ ನೂರಕ್ಕೆ ಹನ್ನೆರಡು ಬೋನಸ್ಸು ಬೇರೆ. ಉಳುವವನೇ ಹೊಲದೊಡೆಯ ಎಂಬ ಮಾತನ್ನು 1974ರ ನೆನಪಿನೊಂದಿಗೆ ಕೇಳುವ ನಮಗೆ, ಒಡೆಯನಿಗೆ ಬಹುಮಾನ ಕೊಟ್ಟು ಮಾಡಿದ ಈ ಭೂಸುಧಾರಣೆ ವಿಚಿತ್ರವೆನಿಸುತ್ತದೆ. 1932ರಲ್ಲಿ ಐರಿಷ್ ಸರ್ಕಾರದ ಮುಖ್ಯಸ್ಥ ಡಿ ವಲೆರಾ ಆ ಕಂತಿನ ಹಣವನ್ನು ಲಂಡನ್ನಿಗೆ ಕಟ್ಟುವುದಿಲ್ಲವೆಂದು ನಿಂತ. ಆರು ವರ್ಷ ಸುಂಕದ ಸಮರ ನಡೆದು, ಒಂದು ಕೋಟಿ ಪೌಂಡಿಗೆ ರಾಜಿಯಾಯಿತು. ಅಷ್ಟು ಹೊತ್ತಿಗೆ ಒಡೆಯರು ಹಣ ಎಣಿಸಿಕೊಂಡು ಹೋಗಿ ಎಷ್ಟೋ ವರ್ಷಗಳಾಗಿದ್ದವು.

ಯುದ್ಧ ಈ ವರ್ಗವನ್ನು ಸುಲಿದದ್ದು ನಿಜ. ಯುದ್ಧಕ್ಕೆ ಹೋದ ಪ್ರಭುಗಳು ಮತ್ತು ಅವರ ಗಂಡುಮಕ್ಕಳಲ್ಲಿ ಐವರಿಗೆ ಒಬ್ಬರು ಸತ್ತರು. ಒಟ್ಟು ಸೈನ್ಯದಲ್ಲಿ ಎಂಟು ಜನರಿಗೆ ಒಬ್ಬರು. ಲ್ಯಾನ್ಸ್‌ಡೌನ್‌ನ ಎರಡನೆಯ ಮಗ ಚಾರ್ಲ್ಸ್ 1914ರ ಅಕ್ಟೋಬರ್ 30ರಂದು ಬೆಲ್ಜಿಯಂನ ಈಪ್ರ್ ಬಳಿ ಮಡಿದ. 1917ರ ನವೆಂಬರಿನಲ್ಲಿ ಸಂಧಾನ ಮಾಡಿಕೊಂಡು ಯುದ್ಧ ನಿಲ್ಲಿಸಿ ಎಂದು ತಂದೆ ಪತ್ರಿಕೆಗೆ ಬರೆದ ಬಹಿರಂಗ ಪತ್ರಕ್ಕೆ ಅವನ ಸ್ವಂತ ಪಕ್ಷದವರೇ ಅವನನ್ನು ದ್ರೋಹಿ ಎಂಬಂತೆ ಕಂಡರು. ಆದರೆ ಯುದ್ಧದಲ್ಲಿ ಮಡಿದವರ ಆಸ್ತಿಗೆ ಮರಣ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಕಾಯ್ದೆ 1914ರಲ್ಲೇ ಆಗಿತ್ತೆಂಬುದನ್ನು ಮರೆಯಬಾರದು. ಯುದ್ಧಾನಂತರದ ದೊಡ್ಡ ಮಾರಾಟಕ್ಕೆ ತೆರಿಗೆಯ ಭಯದಷ್ಟೇ ಬೆಲೆಯ ಆಸೆಯೂ ಕಾರಣವಾಗಿತ್ತು. ಯುದ್ಧಕಾಲದ ಅಭಾವದಿಂದ ಧಾನ್ಯದ ಬೆಲೆ ಏರಿ, ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಜಮೀನಿಗೆ ಗಿರಾಕಿಗಳು ಬಂದರು, ಬಹುಪಾಲು ಅದೇ ಜಮೀನಿನ ಗೇಣಿದಾರರು. ಸ್ವಂತ ಬೇಸಾಯಗಾರರ ಕೈಯಲ್ಲಿದ್ದ ಭೂಮಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1914ರಲ್ಲಿ ನೂರಕ್ಕೆ ಹನ್ನೊಂದರಷ್ಟಿದ್ದದ್ದು 1927ಕ್ಕೆ ಮೂವತ್ತಾರಕ್ಕೆ ಏರಿತು. 1921ರಲ್ಲಿ ಸರ್ಕಾರ ಧಾನ್ಯದ ಬೆಂಬಲ ಬೆಲೆಯನ್ನು ಹಠಾತ್ತಾಗಿ ಹಿಂತೆಗೆದುಕೊಂಡಿತು, ಬೆಲೆ ಕುಸಿಯಿತು. ಆಗ ಬ್ಯಾಂಕಿನ ಸಾಲ ಮಾಡಿ ಜಮೀನು ಕೊಂಡಿದ್ದ ರೈತ ಕಷ್ಟಕ್ಕೆ ಸಿಕ್ಕಿದ. ಮಾರಿದ ಹಣವನ್ನು ಷೇರು, ಬಾಂಡುಗಳಲ್ಲಿ ತೊಡಗಿಸಿದ್ದ ಒಡೆಯ ಪಾರಾದ. ಇದನ್ನು ಪತನವೆಂದು ಕರೆಯುವಾಗ ನನಗೆ ಸ್ವಲ್ಪ ಅನುಮಾನ ಬರುತ್ತದೆ.

ಪ್ರಭಾವ ಹೋದದ್ದರಲ್ಲಿ ಮಾತ್ರ ಅನುಮಾನವಿಲ್ಲ. ಮೈಸೂರಿನಲ್ಲಿ ಕರ್ಜನ್ ಪಾರ್ಕ್ ಇದೆಯಲ್ಲ, ಆ ಕರ್ಜನ್ 1923ರಲ್ಲಿ ಪ್ರಧಾನಿ ಪಟ್ಟ ತನಗೇ ಎಂದು ನಂಬಿ ಲಂಡನ್ನಿಗೆ ಧಾವಿಸಿದ. ಪಟ್ಟ ಹೋದದ್ದು ಕಬ್ಬಿಣದ ಕಾರ್ಖಾನೆಯವರ ಮಗ ಬಾಲ್ಡ್‌ವಿನ್‌ಗೆ. ಪ್ರಧಾನಿ ಚುನಾಯಿತ ಕಾಮನ್ಸ್ ಸಭೆಯಲ್ಲೇ ಇರಬೇಕೆಂಬ ಭಾವನೆ ಅಷ್ಟು ಬಲವಾಗಿತ್ತು. 1963ರಲ್ಲಿ ಪ್ರಧಾನಿಯಾದ ಲಾರ್ಡ್ ಹೋಮ್ ತನ್ನ ಪದವಿಯನ್ನೇ ತ್ಯಜಿಸಬೇಕಾಯಿತು.

ಲ್ಯಾನ್ಸ್‌ಡೌನ್‌ನ ಕೊನೆಯ ವರ್ಷಗಳು ಒಂದೊಂದೇ ಬಾಗಿಲು ಮುಚ್ಚಿದ ವರ್ಷಗಳು. ಐರ್ಲೆಂಡಿನ 1922ರ ಅಂತರ್ಯುದ್ಧದಲ್ಲಿ ಅವನ ಕೆರಿಯ ಡೆರೀನ್ ಮನೆಯನ್ನು ಲೂಟಿ ಮಾಡಿ ಸುಟ್ಟರು. ಆಂಗ್ಲೋ-ಜಪಾನ್ ಒಪ್ಪಂದಕ್ಕೆ ಸಹಿ ಬಿದ್ದ ಲಂಡನ್ನಿನ ಮಹಲು ಡಿಪಾರ್ಟ್‌ಮೆಂಟ್ ಸ್ಟೋರ್ ಮಾಲೀಕ ಸೆಲ್ಫ್‌ರಿಡ್ಜ್‌ಗೆ ಬಾಡಿಗೆಗೆ ಹೋಯಿತು. ಲ್ಯಾನ್ಸ್‌ಡೌನ್ 1927ರಲ್ಲಿ ತೀರಿಕೊಂಡ. ಆಮೇಲೆ ಮಹಲೂ ಮಾರಾಟವಾಗಿ, ರಸ್ತೆಗಾಗಿ ಅದರ ಮುಂಭಾಗ ಕತ್ತರಿಸಿಹೋಗಿ, ಒಂದು ಕೋಣೆ ಫಿಲಡೆಲ್ಫಿಯಾದ, ಇನ್ನೊಂದು ನ್ಯೂಯಾರ್ಕಿನ ವಸ್ತುಸಂಗ್ರಹಾಲಯ ಸೇರಿತು. ಉಳಿದದ್ದು ಇಂದು ಕ್ಲಬ್ಬು. 1944ರ ಆಗಸ್ಟ್‌ನಲ್ಲಿ ಅವನ ಮೊಮ್ಮಕ್ಕಳಿಬ್ಬರು, ಏಳನೆಯ ಮಾರ್ಕ್ವಿಸ್ ಮತ್ತು ಅವನ ತಮ್ಮ, ಇಟಲಿ ಮತ್ತು ನಾರ್ಮಂಡಿಯಲ್ಲಿ ಹತ್ತು ದಿನಗಳ ಆಚೀಚೆ ಮಡಿದರು. ಪದವಿ ಬಂದದ್ದು 1914ರಲ್ಲಿ ಮಡಿದ ಚಾರ್ಲ್ಸನ ಮಗನಿಗೆ. ಯುದ್ಧಾನಂತರದ ಮರಣ ತೆರಿಗೆಯ ಗರಿಷ್ಠ ದರ ಶೇಕಡಾ 75ಕ್ಕೆ, ಆಮೇಲೆ 80ಕ್ಕೆ ಏರಿದ್ದ ಕಾಲವದು. ಬಾವುಡ್‌ನ ದೊಡ್ಡ ಮನೆಯನ್ನು ಅವನು 1955ರಲ್ಲಿ ಕೆಡವಿಸಿದ. ಆ ವರ್ಷ ಇಂಗ್ಲೆಂಡಿನಲ್ಲಿ ಐದು ದಿನಕ್ಕೊಂದರಂತೆ ಇಂಥ ಬಂಗಲೆಗಳು ಉರುಳುತ್ತಿದ್ದವೆಂದು ಹೇಳುತ್ತಾರೆ. ಬಾವುಡ್‌ನ ಊಟದ ಕೋಣೆಯನ್ನು ಲಾಯ್ಡ್ಸ್ ವಿಮಾ ಸಂಸ್ಥೆ ಕೊಂಡಿತು; ಲಂಡನ್ನಿನ ಅದರ ಉಕ್ಕಿನ ಕಟ್ಟಡದೊಳಗೆ ಅದು ಈಗಲೂ ಸಭಾಕೊಠಡಿಯಾಗಿದೆ. ಕೆಡವಿ ಉಳಿದ ಭಾಗದಲ್ಲಿ, ಪ್ರೀಸ್ಟ್ಲಿಯ ಕೋಣೆಯೂ ಸೇರಿದಂತೆ, ಮನೆತನ ಇಂದಿಗೂ ಇದೆ; ಟಿಕೆಟ್, ಹೋಟೆಲ್, ಗಾಲ್ಫ್ ಮೈದಾನ, ಮಕ್ಕಳಿಗೆ ಆಟದ ಹಡಗು ಅದನ್ನು ನಡೆಸುತ್ತಿವೆ.

ಹಾಗಾದರೆ ತೇಲಿದವರು ಯಾರು? ಗೋಧಿಯನ್ನು ನೆಚ್ಚದವರು. ಭೂಮಿಯಡಿಯ ಕಲ್ಲಿದ್ದಲಿಗೆ ರಾಯಧನ ಪಡೆಯುತ್ತಿದ್ದವರಿಂದ ಆ ಹಕ್ಕನ್ನು 1938ರಲ್ಲಿ ರಾಷ್ಟ್ರೀಕರಿಸಿದಾಗಲೂ ಒಟ್ಟು ಆರೂವರೆ ಕೋಟಿ ಪೌಂಡಿಗೆ ಮಿಕ್ಕ ಪರಿಹಾರ ಸಿಕ್ಕಿತು. ಮೇಫೇರ್, ಬೆಲ್‌ಗ್ರೇವಿಯಾಗಳ ನೆಲ ಇಟ್ಟುಕೊಂಡಿದ್ದ ವೆಸ್ಟ್‌ಮಿನ್‌ಸ್ಟರ್ ಡ್ಯೂಕರಿಗೆ ಅಮೆರಿಕದ ಗೋಧಿಯಿಂದ ತೊಂದರೆಯೇ ಇರಲಿಲ್ಲ. ಆ ನೆಲದಲ್ಲಿ ಬೆಳೆಯುತ್ತಿದ್ದದ್ದು ಬಾಡಿಗೆ. ಆರನೆಯ ಡ್ಯೂಕ್ 2016ರಲ್ಲಿ ತೀರಿಕೊಂಡಾಗ ಆಸ್ತಿಯ ಅಂದಾಜು ಸುಮಾರು 900 ಕೋಟಿ ಪೌಂಡು. ಬಹುಪಾಲು ಟ್ರಸ್ಟುಗಳಲ್ಲಿದ್ದುದರಿಂದ ಅಷ್ಟಕ್ಕೂ ಒಮ್ಮೆಗೇ ಮರಣ ತೆರಿಗೆ ಬೀಳಲಿಲ್ಲ. ಬೇಸಾಯದ ಭೂಮಿಗೂ 1992ರಲ್ಲಿ ಆ ತೆರಿಗೆಯಿಂದ ಪೂರ್ಣ ವಿನಾಯಿತಿ ದೊರೆತು, ಅಳಿದುಳಿದ ಒಡೆಯರು ನಿಟ್ಟುಸಿರು ಬಿಟ್ಟರು. ವಂಶಪಾರಂಪರ್ಯದ ಪ್ರಭುಗಳಲ್ಲಿ 92 ಜನರನ್ನುಳಿದು ಎಲ್ಲರನ್ನೂ 1999ರಲ್ಲಿ ಲಾರ್ಡ್ಸ್ ಸಭೆಯಿಂದ ಹೊರಗೆ ಕಳಿಸಿದಾಗ ದೊಡ್ಡ ಗದ್ದಲವೇನೂ ಆಗಲಿಲ್ಲ. 1911ರಲ್ಲಿ ಇದ್ದಂತೆ ಹೋರಾಡಿ ಕಾಯಬೇಕಾದಂಥ ಅಧಿಕಾರ ಆ ಕುರ್ಚಿಗಳಲ್ಲಿ ಉಳಿದಿರಲಿಲ್ಲ.

ಈಗ ಅವರ ಬಳಿ ನಿಜವಾಗಿ ಎಷ್ಟು ಭೂಮಿ ಇದೆ? ಇಂಗ್ಲೆಂಡಿನಲ್ಲಿ ಜಮೀನು ಮಾರಾಟವಾದಾಗ ಅಥವಾ ಅಂಥ ವ್ಯವಹಾರವಾದಾಗ ಮಾತ್ರ ನೋಂದಣಿ ಕಡ್ಡಾಯವಾಗುತ್ತ ಬಂದಿದೆ. ತಲೆಮಾರುಗಳಿಂದ ಮಾರದೆ ಮನೆತನದಲ್ಲೇ ಉಳಿದ ಭೂಮಿಯಲ್ಲಿ ಬಹಳಷ್ಟು ಆ ಕಾರಣಕ್ಕೇ ಸರ್ಕಾರಿ ದಾಖಲೆಯ ಹೊರಗಿದೆ. ಕರ್ನಾಟಕದಲ್ಲಿ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಮೊಬೈಲಿನಲ್ಲಿ ತೆಗೆದು ಒಡೆಯನ ಹೆಸರು ಓದಬಹುದು. ಲಾರ್ಡ್ ಡರ್ಬಿ ಕೇಳಿ ಮಾಡಿಸಿದಂಥ, ಇಡೀ ದೇಶದ ಮಾಲೀಕರ ಹೆಸರು ಮತ್ತು ಎಕರೆ ಅಚ್ಚಿಸಿ ಊರಿಗೆಲ್ಲ ತೋರಿಸಿದಂಥ ಇನ್ನೊಂದು ಪಟ್ಟಿಯನ್ನು ಬ್ರಿಟನ್ನಿನ ಯಾವ ಸರ್ಕಾರವೂ ಆಮೇಲೆ ಪ್ರಕಟಿಸಿಲ್ಲ, ಮತ್ತೊಮ್ಮೆ ಅದನ್ನು ಕೇಳುವ ತಪ್ಪನ್ನು ಪ್ರಭುಗಳೂ ಮಾಡಿಲ್ಲ.